ಇಂಟರ್ನೆಟ್ ಎಷ್ಟು ಎತ್ತರದಿಂದ ಬರಬೇಕು?

ಜುಲೈ ತಿಂಗಳಲ್ಲಿ ಪಣಂಬೂರಿನಿಂದ ಒಂದು ಬಲೂನು ಬಿಟ್ಟರೆ ಅದು ಯಾವ ಕಡೆ ಹೋಗುತ್ತದೆ? ಮಳೆಗಾಲದ ಗಾಳಿ ಕಡಲಿನಿಂದ ಬೀಸುತ್ತದೆ, ಹಾಗಾಗಿ ಘಟ್ಟದ ಕಡೆ ಹೋಗುತ್ತದೆ ಅನ್ನಬಹುದು. ಶುರುವಿಗೆ ಹೋಗುವುದೂ ಹಾಗೆಯೇ. ಆದರೆ ಮೇಲೇರಿದ ಹಾಗೆ ಗಾಳಿಯ ದಿಕ್ಕು ಬದಲಾಗುತ್ತದೆ. ಸುಮಾರು 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ, ಗಂಟೆಗೆ 100 ಕಿಲೋಮೀಟರ್ ದಾಟುವ ವೇಗದಲ್ಲಿ ಗಾಳಿ ಓಡುತ್ತಿರುತ್ತದೆ. ಅಲ್ಲಿಗೆ ಮುಟ್ಟಿದ ಬಲೂನು ವಾಪಸ್ ಅರಬ್ಬಿ ಸಮುದ್ರದ ಕಡೆ ಹೊರಡುತ್ತದೆ. ಈ ಮೇಲ್ಗಾಳಿಯನ್ನು 1950ರ ದಶಕದಲ್ಲಿ ಗುರುತಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಪಣಂಬೂರಿನ ಹವಾಮಾನ ಕೇಂದ್ರದಿಂದ ಬಿಡುವ ಬಲೂನುಗಳು ಅಳೆಯುವುದೂ ಇದನ್ನೇ. ಯಾವ ಎತ್ತರದಲ್ಲಿ ಗಾಳಿ ಎತ್ತ ಬೀಸುತ್ತಿದೆ, ಎಷ್ಟು ಜೋರಾಗಿದೆ, ಎಷ್ಟು ತಣ್ಣಗಿದೆ ಅಂತ.

ಒಂದೇ ಊರಿನ ಮೇಲೆ, ಒಂದೇ ಹೊತ್ತಿಗೆ, ಬೇರೆ ಬೇರೆ ಎತ್ತರದಲ್ಲಿ ಬೇರೆ ಬೇರೆ ದಿಕ್ಕಿನ ಗಾಳಿ. ಈ ಒಂದು ಗುಣವನ್ನು ನಂಬಿಕೊಂಡು ಗೂಗಲ್ ಕಂಪನಿ ಜಗತ್ತಿನ ಮೂಲೆ ಮೂಲೆಗೆ ಇಂಟರ್ನೆಟ್ ಕೊಡಲು ಹೊರಟಿತ್ತು. 2013ರ ಜೂನ್‌ನಲ್ಲಿ ನ್ಯೂಜಿಲೆಂಡಿನಲ್ಲಿ ಬಲೂನುಗಳನ್ನು ಹಾರಿಸಿ 'ಪ್ರಾಜೆಕ್ಟ್ ಲೂನ್' ಎಂಬ ಯೋಜನೆಯನ್ನು ಜನರ ಮುಂದಿಟ್ಟಿತು. 2021ರ ಜನವರಿಯಲ್ಲಿ ಆ ಯೋಜನೆಗೆ ಬೀಗ ಬಿತ್ತು. ಈಗ ಎಲ್ಲರ ಬಾಯಲ್ಲಿರುವುದು ಉಪಗ್ರಹದ ಇಂಟರ್ನೆಟ್. ಬಲೂನು ಯಾಕೆ ಸೋತಿತು, ಉಪಗ್ರಹ ಯಾಕೆ ಉಳಿಯಿತು, ಉಡುಪಿ ಮಂಗಳೂರಿನ ನಮಗೆ ಇದರಿಂದ ನಿಜಕ್ಕೂ ಏನು ಸಿಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕೆಂದು ಈ ಬರಹ.

ಪೇಟೆಯಲ್ಲಿ ಇರುವವರಿಗೆ ಇದು ದೂರದ ವಿಷಯ ಅನ್ನಿಸಬಹುದು. ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಫೈಬರ್ ಇದೆ, 5ಜಿ ಇದೆ. ಆದರೆ ನಮ್ಮ ಎರಡು ಜಿಲ್ಲೆಗಳಿಗೂ ಎರಡು ಅಂಚುಗಳಿವೆ. ಒಂದು ಕಡೆ ಘಟ್ಟದ ಬುಡ, ಇನ್ನೊಂದು ಕಡೆ ಕಡಲು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಫೋಟೊ ದೇಶವಿಡೀ ಓಡಾಡಿತು. ಸುರಿಯುವ ಮಳೆ, ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿರುವ ಹುಡುಗಿ, ಹಿಂದೆ ಕೊಡೆ ಹಿಡಿದು ನಿಂತ ಅಪ್ಪ. ಮನೆಯಲ್ಲಿ ರೇಂಜ್ ಇರಲಿಲ್ಲ, ಅಷ್ಟೇ. ಅದಕ್ಕೂ ಮೊದಲು, 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮಂದಿ ಮೀನುಗಾರರ ಜೊತೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಕರಾವಳಿಯಾಚೆ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟೂ ತಿಂಗಳು ಆ ಮನೆಗಳವರು ಏನಾಯಿತೆಂದೇ ತಿಳಿಯದೆ ಕಾದರು. ಆಕಾಶದ ಇಂಟರ್ನೆಟ್ ಬಗ್ಗೆ ಮಾತಾಡುವಾಗ ನನ್ನ ಮನಸ್ಸಿನಲ್ಲಿ ಇರುವುದು ಈ ಎರಡು ಅಂಚುಗಳೇ.

ಟವರಿಗೆ ಎಷ್ಟು ದೂರ ಕಾಣುತ್ತದೆ?

ಮೊಬೈಲ್ ಸಿಗ್ನಲ್ ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಭೂಮಿ ಗುಂಡಗಿದೆ. 50 ಮೀಟರ್ ಎತ್ತರದ ಟವರಿನ ತುದಿಯಲ್ಲಿ ನಿಂತು ಕಡಲಿನ ಕಡೆ ನೋಡಿದರೆ ಸುಮಾರು 25 ಕಿಲೋಮೀಟರಿಗೆ ನೀರು ಬಾಗಿ ಕೆಳಗಿಳಿದುಬಿಡುತ್ತದೆ. ಟವರು ಗುಡ್ಡದ ಮೇಲಿದ್ದರೆ ಇನ್ನಷ್ಟು ದೂರ ಸಿಗಬಹುದು. ಆದರೆ ಮಲ್ಪೆಯ ಅಥವಾ ಮಂಗಳೂರು ದಕ್ಕೆಯ ಆಳಸಮುದ್ರದ ಬೋಟುಗಳು ವಾರ, ಹತ್ತು ದಿನ ಹೊರಗಿರುತ್ತವೆ, ಗೋವಾ ಮಹಾರಾಷ್ಟ್ರದವರೆಗೆ ಹೋಗುತ್ತವೆ. ತೀರದ ಟವರಿಗೆ ಅವು ಕಾಣುವುದೇ ಇಲ್ಲ.

ಘಟ್ಟದ ಕಡೆ ತೊಂದರೆ ಬೇರೆ. ಅಲ್ಲಿ ಅಡ್ಡ ಬರುವುದು ಗುಡ್ಡ. ಒಂದು ಗುಡ್ಡದ ಈ ಬದಿಯಲ್ಲಿ ನಾಲ್ಕು ಕಡ್ಡಿ ನೆಟ್‌ವರ್ಕ್, ಆ ಬದಿಯಲ್ಲಿ ಸೊನ್ನೆ. ಇನ್ನೊಂದು ಟವರ್ ಹಾಕೋಣ ಅಂದರೆ ಅದಕ್ಕೆ ಕರೆಂಟ್ ಬೇಕು, ಫೈಬರ್ ಎಳೆಯಬೇಕು, ಕಾಡಿನ ಜಾಗವಾದರೆ ಅನುಮತಿ ಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅದರ ಕೆಳಗೆ ಇರುವುದು ಮೂವತ್ತೋ ನಲವತ್ತೋ ಮನೆ. ಯಾವ ಕಂಪನಿಗೂ ಅದು ಗಿಟ್ಟುವುದಿಲ್ಲ. ಹಾಗಾಗಿಯೇ ಟವರನ್ನೇ ಎತ್ತಿ ಆಕಾಶದಲ್ಲಿ ಇಡುವ ಯೋಚನೆ ಹುಟ್ಟಿದ್ದು.

ಎತ್ತರ ಜಾಸ್ತಿಯಾದಷ್ಟು ಕಾಣುವ ಜಾಗ ಜಾಸ್ತಿ. 20 ಕಿಲೋಮೀಟರ್ ಎತ್ತರದಿಂದ ನೋಡಿದರೆ ದಿಗಂತ ಸುಮಾರು 500 ಕಿಲೋಮೀಟರ್ ಆಚೆಗೆ ಹೋಗುತ್ತದೆ. ಉಡುಪಿಯ ನೆತ್ತಿಯ ಮೇಲೆ ಅಷ್ಟು ಎತ್ತರದಲ್ಲಿ ಒಂದು ಬಲೂನು ನಿಂತರೆ ಬೆಂಗಳೂರೂ ಅದರ ನೋಟದೊಳಗೆ ಬರುತ್ತದೆ. ಆದರೆ ಕಂಡಿದ್ದೆಲ್ಲ ಕೆಲಸಕ್ಕೆ ಬರುವುದಿಲ್ಲ. ಓರೆಯಾಗಿ ಬರುವ ಸಿಗ್ನಲ್ಲಿಗೆ ಮತ್ತೆ ಗುಡ್ಡ, ಮರ, ಗೋಡೆ ಅಡ್ಡ ಬರುತ್ತವೆ. ಸಾಮಾನ್ಯ ಮೊಬೈಲಿಗೆ ಮುಟ್ಟಬೇಕೆಂದರೆ ಬಲೂನಿನ ಸುತ್ತ ಸುಮಾರು 40 ಕಿಲೋಮೀಟರ್ ಅಂತ ಲೂನ್ ಲೆಕ್ಕ ಹಾಕಿತ್ತು. ಅಂದರೆ 5,000 ಚದರ ಕಿಲೋಮೀಟರ್. ವಿಸ್ತೀರ್ಣದಲ್ಲಿ ಅದು ಉಡುಪಿ ಜಿಲ್ಲೆಗಿಂತ ದೊಡ್ಡದು. ಒಂದೇ ಒಂದು ಬಲೂನಿಗೆ!

ಬಲೂನು ನಿಲ್ಲುವುದು ಹೇಗೆ?

ಲೂನ್ ಬಲೂನು ನೋಡಲು ದೊಡ್ಡ ಕುಂಬಳಕಾಯಿಯ ಆಕಾರದ್ದು. ತೆಳು ಪಾಲಿಥೀನ್ ಹಾಳೆಯಿಂದ ಮಾಡಿದ್ದು, ಪೂರ್ತಿ ಉಬ್ಬಿದಾಗ 15 ಮೀಟರ್ ಅಗಲ, 12 ಮೀಟರ್ ಎತ್ತರ. ಒಳಗೆ ಹೀಲಿಯಂ. ಕೆಳಗೆ ನೇತಾಡುವ ಪೆಟ್ಟಿಗೆಯಲ್ಲಿ ರೇಡಿಯೋ ಉಪಕರಣ, ಬ್ಯಾಟರಿ, ಕಂಪ್ಯೂಟರ್. ಪಕ್ಕದಲ್ಲಿ ಸೋಲಾರ್ ಫಲಕ. ಹಾರುವುದು 18ರಿಂದ 25 ಕಿಲೋಮೀಟರ್ ಎತ್ತರದಲ್ಲಿ. ವಿಮಾನಗಳಿಗಿಂತ ಸುಮಾರು ಎರಡು ಪಟ್ಟು ಮೇಲೆ, ನಮ್ಮ ಮಳೆಮೋಡಗಳಿಗಿಂತಲೂ ಮೇಲೆ. ಅಲ್ಲಿ ಗಾಳಿ ತೀರ ತೆಳ್ಳಗೆ, ಚಳಿ ಮೈನಸ್ 60 ಡಿಗ್ರಿಯ ಆಸುಪಾಸು.

ಅದಕ್ಕೆ ಎಂಜಿನ್ ಇಲ್ಲ, ರೆಕ್ಕೆ ಇಲ್ಲ. ಹಾಗಾದರೆ ಒಂದು ಊರಿನ ಮೇಲೆ ಅದನ್ನು ಹಿಡಿದಿಡುವುದು ಹೇಗೆ? ದೊಡ್ಡ ಬಲೂನಿನ ಒಳಗೆ ಇನ್ನೊಂದು ಚಿಕ್ಕ ಚೀಲ ಇರುತ್ತದೆ. ಪಂಪು ಹೊರಗಿನ ಗಾಳಿಯನ್ನು ಎಳೆದು ಆ ಚೀಲಕ್ಕೆ ತುಂಬಿದರೆ ಬಲೂನಿನ ತೂಕ ಜಾಸ್ತಿಯಾಗಿ ಕೆಳಗಿಳಿಯುತ್ತದೆ. ಗಾಳಿ ಬಿಟ್ಟರೆ ಮೇಲೇರುತ್ತದೆ. ಪೂರ್ವಕ್ಕೆ ಹೋಗಬೇಕಾದರೆ ಪೂರ್ವಕ್ಕೆ ಬೀಸುವ ಪದರ ಹುಡುಕಿ ಅಲ್ಲಿಗೆ ಇಳಿಯುವುದು, ವಾಪಸ್ ಬರಬೇಕಾದರೆ ಎದುರು ದಿಕ್ಕಿನ ಪದರಕ್ಕೆ ಏರುವುದು. ಚುಕ್ಕಾಣಿ ಇರುವುದು ಅಡ್ಡಡ್ಡ ಅಲ್ಲ, ಮೇಲೆ ಕೆಳಗೆ ಮಾತ್ರ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಪಣಂಬೂರಿನ ಬಲೂನನ್ನು ಒಮ್ಮೆ ಘಟ್ಟದ ಕಡೆ, ಒಮ್ಮೆ ಕಡಲಿನ ಕಡೆ ತಳ್ಳುವ ಅದೇ ಪದರಗಾಳಿಯ ನಿಯಮವನ್ನು ಇವರು ಇನ್ನೂ ಮೇಲೆ ಕೆಲಸಕ್ಕೆ ಹಚ್ಚಿದರು. ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂಬುದನ್ನು ಮೊದಲು ಎಂಜಿನಿಯರುಗಳು ಬರೆದ ಸೂತ್ರ ನಿರ್ಧರಿಸುತ್ತಿತ್ತು. ಕೊನೆಕೊನೆಗೆ ತಾನೇ ಪ್ರಯತ್ನಿಸಿ ಕಲಿಯುವ ಸಾಫ್ಟ್‌ವೇರಿಗೆ ಆ ಕೆಲಸ ಒಪ್ಪಿಸಿದರು. ಪೆಸಿಫಿಕ್ ಸಾಗರದ ಮೇಲೆ 39 ದಿನ ನಡೆದ ಪರೀಕ್ಷೆಯಲ್ಲಿ ಆ ಸಾಫ್ಟ್‌ವೇರ್ ಹಳೆಯ ಸೂತ್ರಕ್ಕಿಂತ ಚೆನ್ನಾಗಿ ಬಲೂನನ್ನು ಜಾಗದಲ್ಲಿ ಉಳಿಸಿಕೊಂಡಿತು. ಒಂದು ಬಲೂನಂತೂ 312 ದಿನ ಕೆಳಗಿಳಿಯದೆ ಹಾರಿತು.

ಬರೀ ಪರೀಕ್ಷೆ ಅಷ್ಟೇ ಅಲ್ಲ, ಜನರಿಗೂ ಉಪಯೋಗವಾಯಿತು. 2017ರಲ್ಲಿ ಪೆರುವಿನಲ್ಲಿ ಪ್ರವಾಹ ಬಂದಾಗ, ಅದೇ ವರ್ಷ ಮರಿಯಾ ಚಂಡಮಾರುತ ಪೋರ್ಟೊರಿಕೊದ ಟವರುಗಳನ್ನು ಉರುಳಿಸಿದಾಗ ಲೂನ್ ಬಲೂನುಗಳು ಸಂಪರ್ಕ ಕೊಟ್ಟವು. 2020ರ ಜುಲೈಯಲ್ಲಿ ಕೆನ್ಯಾದಲ್ಲಿ ಅಲ್ಲಿನ ಟೆಲಿಕಾಂ ಕಂಪನಿಯೊಂದರ ಜೊತೆ ಸೇರಿ ದುಡ್ಡು ತೆಗೆದುಕೊಳ್ಳುವ ಸೇವೆಯೇ ಶುರುವಾಯಿತು. ಸುಮಾರು 35 ಬಲೂನು, 50,000 ಚದರ ಕಿಲೋಮೀಟರಿನಷ್ಟು ಜಾಗ. ಜನ ತಮ್ಮ ಮಾಮೂಲಿ 4ಜಿ ಮೊಬೈಲಿನಲ್ಲೇ ಬಳಸಬಹುದಿತ್ತು, ಬೇರೆ ಡಿಶ್ ಬೇಕಿರಲಿಲ್ಲ.

ಆರೇ ತಿಂಗಳಲ್ಲಿ ಲೂನನ್ನೇ ಮುಚ್ಚುವ ಸುದ್ದಿ ಬಂತು. ತಂತ್ರಜ್ಞಾನ ಕೈಕೊಡಲಿಲ್ಲ, ಲೆಕ್ಕ ಕೈಕೊಟ್ಟಿತು. ಬಲೂನು ಎಷ್ಟೇ ಗಟ್ಟಿಯಾದರೂ ಕೆಲವು ತಿಂಗಳಲ್ಲಿ ಇಳಿಸಬೇಕು, ಇನ್ನೊಂದನ್ನು ಏರಿಸಬೇಕು. ಗಾಳಿ ಸರಿಯಿಲ್ಲದ ದಿನ ಅದು ಊರು ಬಿಟ್ಟು ಎಲ್ಲೋ ಹೋಗಿಬಿಡುತ್ತದೆ, ಜಾಗ ತುಂಬಲು ಇನ್ನೊಂದು ಬೇಕು. ಈ ಮಧ್ಯೆ ನೆಲದ ಮೇಲೆ ಟವರುಗಳು ಬೇಗ ಬೇಗ ಹರಡಿದವು. ಉಳಿದವರು ಯಾರು ಅಂದರೆ 4ಜಿ ಫೋನು ಕೊಳ್ಳಲೂ ಕೈಯಲ್ಲಿ ದುಡ್ಡಿಲ್ಲದ ಜನ. ಅವರಿಂದ ಬಲೂನಿನ ಖರ್ಚು ಹುಟ್ಟುವುದಿಲ್ಲ. ಭಾರತದಲ್ಲೂ 2015–16ರ ಸುಮಾರಿಗೆ ಲೂನ್ ಪರೀಕ್ಷೆಯ ಮಾತು ನಡೆದಿತ್ತು. ಅದು ಬಳಸುವ ತರಂಗಾಂತರ ಇಲ್ಲಿನ ಮೊಬೈಲ್ ಸೇವೆಗೆ ಅಡ್ಡ ಬರುತ್ತದೆ ಎಂಬ ತಕರಾರು ಎದ್ದು ಅಲ್ಲಿಗೇ ನಿಂತಿತು. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ವಿಜ್ಞಾನಕ್ಕಾಗಿ ಇಂಥದೇ ಎತ್ತರಕ್ಕೆ ಬಲೂನು ಹಾರಿಸುತ್ತಿದ್ದಾರೆ. ಆ ಅನುಭವವನ್ನು ನೆರೆ, ಚಂಡಮಾರುತದ ಹೊತ್ತಿಗೆ ತಾತ್ಕಾಲಿಕ ನೆಟ್‌ವರ್ಕ್ ಕೊಡಲು ಬಳಸುವ ಬಗ್ಗೆ ಯಾರಾದರೂ ಗಟ್ಟಿಯಾಗಿ ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ವರ್ಷವಿಡೀ ಅಲ್ಲದಿದ್ದರೂ ಹತ್ತು ದಿನಕ್ಕೆ ಬಲೂನಿನಷ್ಟು ಒಳ್ಳೆಯ ದಾರಿ ಕಡಿಮೆ.

ಲೂನಿನ ಜೊತೆ ಎಲ್ಲವೂ ಮಣ್ಣಾಗಲಿಲ್ಲ. ಬಲೂನಿನಿಂದ ಬಲೂನಿಗೆ ಮಾಹಿತಿ ದಾಟಿಸಲು ಮಾಡಿದ್ದ ಬೆಳಕಿನ ಕಿರಣದ ತಂತ್ರ 'ತಾರಾ' ಎಂಬ ಹೆಸರಲ್ಲಿ ನೆಲಕ್ಕಿಳಿಯಿತು. ಕಾಂಗೋ ನದಿಯ ಆ ದಡ ಈ ದಡದ ಬ್ರಾಝವಿಲ್ ಮತ್ತು ಕಿನ್ಶಾಸಾ ನಗರಗಳ ನಡುವೆ ಅದು ಕೆಲಸ ಮಾಡುತ್ತಿದೆ. ಗುಡ್ಡದಿಂದ ಗುಡ್ಡಕ್ಕೆ ಫೈಬರ್ ಎಳೆಯದೆ ಸಂಪರ್ಕ ಕೊಡಲು ಒಳ್ಳೆಯದೇ. ಆದರೆ ದಟ್ಟ ಮಂಜು ಅದಕ್ಕೆ ಶತ್ರು. ಆಗುಂಬೆ, ಚಾರ್ಮಾಡಿ ಕಡೆಯ ಜುಲೈ ತಿಂಗಳು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

36,000 ಕಿಲೋಮೀಟರಿನ ತಡ

ಬಲೂನಿಗಿಂತ ಬಹಳ ಮೊದಲೇ ಉಪಗ್ರಹ ನಮ್ಮ ಹಳ್ಳಿಗಳಿಗೆ ಬಂದಿತ್ತು. 1975–76ರಲ್ಲಿ ಅಮೆರಿಕದ ಒಂದು ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ತೋರಿಸಿದರು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. 1981ರ ಜೂನ್ 19ರಂದು ನಮ್ಮದೇ ಸಂಪರ್ಕ ಉಪಗ್ರಹ 'ಆ್ಯಪಲ್' ಮೇಲೇರಿತು. ಅದರ ಪರೀಕ್ಷೆಗೆ ಲೋಹದ ಗಾಡಿ ಅಡ್ಡಿಯಾಗುತ್ತದೆಂದು ಎತ್ತಿನ ಗಾಡಿಯ ಮೇಲಿಟ್ಟ ಆ ಚಿತ್ರ ಈಗಲೂ ಎಲ್ಲರಿಗೂ ನೆನಪಿದೆ. ಆಗ ಬೆಂಗಳೂರಿನ ಉಪಗ್ರಹ ಕೇಂದ್ರವನ್ನು ನಡೆಸುತ್ತಿದ್ದವರು ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. ನಮ್ಮೂರಿನವರು ಎಂಬ ಅಭಿಮಾನ ಒಂದು ಕಡೆ ಇರಲಿ. ಉಪಗ್ರಹ ಇರುವುದು ಹಳ್ಳಿಗೆ ಉಪಯೋಗವಾಗಲು ಎಂಬ ಹಟ ಅವರ ಕಾಲದ ಇಸ್ರೋದಲ್ಲಿ ಗಟ್ಟಿಯಾಗಿತ್ತು.

ಆ ಜಾತಿಯ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಇರುತ್ತವೆ. ಅಲ್ಲೇ ಯಾಕೆ? ಅಷ್ಟು ಎತ್ತರದಲ್ಲಿ ಒಂದು ಸುತ್ತು ಹಾಕಲು ಭೂಮಿ ತಿರುಗುವಷ್ಟೇ ಹೊತ್ತು ಬೇಕಾಗುತ್ತದೆ. ಹಾಗಾಗಿ ಕೆಳಗಿನಿಂದ ನೋಡುವವರಿಗೆ ಅದು ಒಂದೇ ಕಡೆ ನಿಂತ ಹಾಗೆ. ಮನೆಯ ಟಿ.ವಿ. ಡಿಶ್ಶನ್ನು ಒಮ್ಮೆ ತಿರುಗಿಸಿ ನಟ್ಟು ಬಿಗಿದರೆ ಮುಗಿಯಿತು. ಮಂಗಳೂರಿನಲ್ಲಿ ಆ ಡಿಶ್ಶುಗಳು ಸುಮಾರು 70 ಡಿಗ್ರಿ ಎತ್ತರಕ್ಕೆ, ಹೆಚ್ಚು ಕಡಿಮೆ ನೆತ್ತಿಯ ಕಡೆಗೇ ನೋಡುತ್ತವೆ. ನಾವು ಸಮಭಾಜಕಕ್ಕೆ ಹತ್ತಿರ ಇರುವುದೇ ಕಾರಣ. ಅಡಿಕೆ ತೋಟದ ನಡುವಿನ ಮನೆಗೂ ಟಿ.ವಿ. ಬರುವುದು ಇದರಿಂದಲೇ. ಸೋಗೆಗಳ ನಡುವೆ ಆಕಾಶದ ಒಂದು ಸಣ್ಣ ತೂತು ಸಿಕ್ಕರೆ ಸಾಕು.

ಟಿ.ವಿ.ಗೆ ಇದು ಸರಿ. ಇಂಟರ್ನೆಟ್ಟಿಗೆ ಎರಡು ತೊಡಕು. ಮೊದಲನೆಯದು ತಡ. ರೇಡಿಯೋ ಅಲೆ ಬೆಳಕಿನ ವೇಗದಲ್ಲೇ ಹೋದರೂ, ಮೇಲೆ ಹೋಗಿ ಕೆಳಗೆ ಬರಲು ಸುಮಾರು 72,000 ಕಿಲೋಮೀಟರ್. ಅದಕ್ಕೆ ಕಾಲು ಸೆಕೆಂಡು. ನಾವು ಕೇಳಿದ್ದಕ್ಕೆ ಉತ್ತರ ಬರಲು ಇನ್ನೊಂದು ಕಾಲು. ಒಟ್ಟು ಅರ್ಧ ಸೆಕೆಂಡು ಬರೀ ದಾರಿಗೇ ಆಯಿತು. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಆದರೆ ವಿಡಿಯೋ ಕಾಲಿನಲ್ಲಿ ಮಗು "ಟೀಚರ್, ನಂಗೆ ಅರ್ಥ ಆಗ್ಲಿಲ್ಲ" ಅನ್ನುವಷ್ಟರಲ್ಲಿ ಟೀಚರ್ ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ. ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. ಯಾವ ಎಂಜಿನಿಯರಿಗೂ ಈ ತಡವನ್ನು ಕಡಿಮೆ ಮಾಡಲು ಆಗುವುದಿಲ್ಲ, ಬೆಳಕಿಗಿಂತ ವೇಗವಾಗಿ ಹೋಗುವ ದಾರಿ ಇಲ್ಲ.

ಎರಡನೆಯದು ಹಂಚಿಕೆ. ಜನ ಇದನ್ನು ಮರೆಯುವುದೇ ಜಾಸ್ತಿ. ಅಷ್ಟು ಮೇಲಿನಿಂದ ಒಂದು ಉಪಗ್ರಹಕ್ಕೆ ಇಡೀ ದೇಶವೇ ಕಾಣುತ್ತದೆ. ಅಂದರೆ ಇಡೀ ದೇಶ ಅದನ್ನು ಹಂಚಿಕೊಳ್ಳಬೇಕು. ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ನೀರು ಒಳ್ಳೆಯದೇ, ಆದರೆ ಕೊಡ ಹಿಡಿದವರು ಎಷ್ಟು ಮಂದಿ ಎನ್ನುವುದೇ ಮುಖ್ಯ. 2024ರ ನವೆಂಬರ್‌ನಲ್ಲಿ ಮೇಲೇರಿದ ನಮ್ಮ ಜಿಸ್ಯಾಟ್-ಎನ್2 ಉಪಗ್ರಹದ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಕೇಳಲು ದೊಡ್ಡದು. ಒಂದು ಗಿಗಾಬಿಟ್ ಅಂದರೆ 1,000 ಮೆಗಾಬಿಟ್. ಒಬ್ಬೊಬ್ಬರಿಗೆ 10 ಮೆಗಾಬಿಟ್ ಎಂದು ಹಂಚಿ ನೋಡಿ. ಒಂದೇ ಹೊತ್ತಿಗೆ 4,800 ಮಂದಿಗೆ ಸಾಕಾಗುತ್ತದೆ, ಅಷ್ಟೇ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲವಾದ್ದರಿಂದ ಇದರ ಹಲವು ಪಟ್ಟು ಗ್ರಾಹಕರನ್ನು ತೆಗೆದುಕೊಳ್ಳಬಹುದು. ಆದರೂ ಅದು ಒಂದು ದೇಶದ ಲೆಕ್ಕಕ್ಕೆ ಏನೂ ಅಲ್ಲ.

ಇದರ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳಲ್ಲಿ ಸಾಮಾನು ಹೋಗುವ ಲಕ್ಷದ್ವೀಪ ಬಹಳ ಕಾಲ ಉಪಗ್ರಹದ ಇಂಟರ್ನೆಟ್ಟನ್ನೇ ನೆಚ್ಚಿಕೊಂಡಿತ್ತು. ಎಲ್ಲ ದ್ವೀಪಗಳಿಗೂ ಸೇರಿ ಇದ್ದದ್ದು 1.7 ಗಿಗಾಬಿಟ್. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲ ತಳದಲ್ಲಿ ಎಳೆದ ಫೈಬರ್ ಉದ್ಘಾಟನೆಯಾದಾಗ ಅದು 200 ಗಿಗಾಬಿಟ್ಟಿಗೆ ಏರಿತು. ನೂರು ಪಟ್ಟಿಗೂ ಜಾಸ್ತಿ. ಒಂದು ಗಾಜಿನ ಎಳೆಯ ಮುಂದೆ ಉಪಗ್ರಹ ಎಷ್ಟು ಚಿಕ್ಕದು ಅಂತ ಇದರಲ್ಲೇ ಗೊತ್ತಾಗುತ್ತದೆ. ಫೈಬರ್ ಎಳೆಯಲು ಸಾಧ್ಯ ಇರುವ ಕಡೆ ಫೈಬರೇ ಎಳೆಯಬೇಕು. ಆಕಾಶದಿಂದ ಬರುತ್ತದಲ್ಲ ಅಂತ ಪಂಚಾಯತಿನವರು ಅಗೆಯುವುದನ್ನು ನಿಲ್ಲಿಸಿದರೆ ನಷ್ಟ ನಮಗೇ.

ಕೆಳಗಿಳಿದ ಉಪಗ್ರಹಗಳು

ಹಾಗಾದರೆ ಉಪಗ್ರಹವನ್ನು ಕೆಳಗೆ ತಂದರೆ? ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಉಪಗ್ರಹ ಇಂಟರ್ನೆಟ್ ಸೇವೆ ಸ್ಟಾರ್‌ಲಿಂಕ್ ಮಾಡಿದ್ದು ಅದನ್ನೇ. ಎತ್ತರ ಸುಮಾರು 550 ಕಿಲೋಮೀಟರ್. ಹೋಗಿ ಬರುವ ದಾರಿ ಒಮ್ಮೆಗೇ ಅರುವತ್ತು ಪಟ್ಟಿಗೂ ಜಾಸ್ತಿ ಕಡಿಮೆಯಾಯಿತು. ಬಳಕೆಯಲ್ಲಿ ತಡ 25ರಿಂದ 50 ಮಿಲಿಸೆಕೆಂಡಿಗೆ ಇಳಿಯುತ್ತದೆ, ವಿಡಿಯೋ ಕಾಲು ಮಾಮೂಲಿ ಅನ್ನಿಸುತ್ತದೆ. ಒಂದೊಂದು ಉಪಗ್ರಹ ನೋಡುವ ಜಾಗವೂ ಚಿಕ್ಕದು, ಹಂಚಿಕೊಳ್ಳುವವರೂ ಕಡಿಮೆ.

ಇದಕ್ಕೆ ತೆರಬೇಕಾದ ಬೆಲೆ ಬೇರೆ. ಅಷ್ಟು ಕೆಳಗಿರುವ ಉಪಗ್ರಹ ನಿಂತಲ್ಲಿ ನಿಲ್ಲಲು ಆಗುವುದಿಲ್ಲ. ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರಬೇಕು. ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಭೂಮಿಯನ್ನೇ ಸುತ್ತಿಬಿಡುತ್ತದೆ. ನಮ್ಮ ಮನೆಯ ಮೇಲೆ ಕೆಲಸಕ್ಕೆ ಸಿಗುವುದು ನಾಲ್ಕೈದು ನಿಮಿಷ. ಅದು ಹೋಗುವಷ್ಟರಲ್ಲಿ ಇನ್ನೊಂದು ಬಂದಿರಬೇಕು. ಹಾಗಾಗಿ ಬೇಕಾಗುವುದು ಒಂದೆರಡಲ್ಲ, ಸಾವಿರಗಟ್ಟಲೆ. 2019ರ ಮೇಯಲ್ಲಿ 60 ಉಪಗ್ರಹಗಳಿಂದ ಶುರು ಮಾಡಿದ ಸ್ಟಾರ್‌ಲಿಂಕ್ 2024ರಲ್ಲೇ 6,000 ದಾಟಿತ್ತು. ಒಂದೊಂದರ ಆಯುಸ್ಸು ಸುಮಾರು 5 ವರ್ಷ, ಆಮೇಲೆ ಹೊಸದು ಕಳಿಸುತ್ತಲೇ ಇರಬೇಕು. ಭಾರ್ತಿ ಗುಂಪಿನ ಪಾಲು ಇರುವ ಒನ್‌ವೆಬ್ 1,200 ಕಿಲೋಮೀಟರ್ ಎತ್ತರ ಆರಿಸಿಕೊಂಡಿತು. ಎತ್ತರ ಜಾಸ್ತಿ, ಹಾಗಾಗಿ ಸುಮಾರು 650 ಉಪಗ್ರಹ ಸಾಕಾಯಿತು. ಅವುಗಳಲ್ಲಿ 72ನ್ನು ನಮ್ಮ ಎಲ್‌ವಿಎಂ3 ರಾಕೆಟ್ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟದಿಂದ ಎರಡು ಸಲಕ್ಕೆ ಏರಿಸಿತು.

ಕೆಳಗೆ ಮನೆಯ ಡಿಶ್ ಈ ಓಟವನ್ನು ಹಿಂಬಾಲಿಸುವುದು ಹೇಗೆ? ಅದು ಬಟ್ಟಲಿನಂಥ ಡಿಶ್ ಅಲ್ಲ, ಚಪ್ಪಟೆ ಹಲಗೆ. ಒಳಗೆ ನೂರಾರು ಪುಟ್ಟ ಆಂಟೆನಾ. ಒಂದೊಂದರ ಅಲೆಯನ್ನೂ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದರೆ ಎಲ್ಲ ಸೇರಿ ಒಂದು ಕಿರಣವಾಗಿ ಬೇಕಾದ ಕಡೆ ತಿರುಗುತ್ತದೆ. ಹಲಗೆ ಮಿಸುಕುವುದೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಅಲ್ಲಿಂದ ಮಾಹಿತಿ ನೆಲದ ಮೇಲಿನ ಒಂದು ದೊಡ್ಡ ಕೇಂದ್ರಕ್ಕೆ ಇಳಿದು, ಫೈಬರ್ ಸೇರಿ, ಮುಂದೆ ಹೋಗುತ್ತದೆ. ಆಕಾಶದ ಇಂಟರ್ನೆಟ್ ಅಂದರೂ ಕೊನೆಗೆ ಎಲ್ಲೋ ಒಂದು ಕಡೆ ನೆಲದ ತಂತಿಯನ್ನೇ ಹಿಡಿಯುತ್ತದೆ.

ಭಾರತದಲ್ಲಿ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಲೈಸೆನ್ಸ್ ಸಿಕ್ಕಿತು. ಅದಕ್ಕೂ ಮೊದಲು ಮೇ ತಿಂಗಳಲ್ಲಿ ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತರಂಗಾಂತರದ ಶುಲ್ಕಕ್ಕೆ ಶಿಫಾರಸು ಮಾಡಿತು. ಕಂಪನಿಯ ಆದಾಯದ ಶೇ 4, ಅದರ ಮೇಲೆ ನಗರದ ಪ್ರತಿ ಗ್ರಾಹಕನ ಲೆಕ್ಕದಲ್ಲಿ ವರ್ಷಕ್ಕೆ 500 ರೂಪಾಯಿ, ಹಳ್ಳಿಯ ಗ್ರಾಹಕರಿಗೆ ಆ ಹೆಚ್ಚುವರಿ ಇಲ್ಲ. ಕಂಪನಿಗಳು ಹಳ್ಳಿಯ ಕಡೆ ಮುಖ ಮಾಡಲಿ ಎಂಬ ಉದ್ದೇಶ. ಅದು ಸರಿಯಾದ ದಿಕ್ಕು.

ಮಳೆ, ತೆಂಗು, ಕರೆಂಟು

ಯಾವ ಜಾಹೀರಾತಿನಲ್ಲೂ ಇರದ, ನಮ್ಮೂರಿನ ನಿಜವಾದ ಪರೀಕ್ಷೆ ಇದು. ಜೂನ್‌ನಲ್ಲಿ ಜಡಿಮಳೆ ಹಿಡಿದ ಕೂಡಲೇ ಟಿ.ವಿ. ಚಿತ್ರ ಚೂರು ಚೂರಾಗಿ ನಿಂತುಬಿಡುವುದು ನಮಗೆಲ್ಲ ಗೊತ್ತು. ಡಿಶ್ ಬಳಸುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಮಳೆಹನಿ ಕೆಲವು ಮಿಲಿಮೀಟರ್. ಇವೆರಡೂ ಹತ್ತಿರ ಹತ್ತಿರ ಆದಾಗ ಹನಿಗಳು ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ಉಪಗ್ರಹ ಇಂಟರ್ನೆಟ್ಟಿನ ಅಲೆಗಳೂ ಇದೇ ಅಳತೆಯವು, ಕೆಲವು ಒಂದು ಸೆಂಟಿಮೀಟರಿಗೂ ಇಳಿಯುತ್ತವೆ. ಅಲೆ ಸಣ್ಣದಾದಷ್ಟು ಮಾಹಿತಿ ಜಾಸ್ತಿ ತುಂಬಬಹುದು, ಮಳೆಗೆ ಸೋಲುವುದೂ ಜಾಸ್ತಿ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇನ್ನೊಂದು ಸೂಕ್ಷ್ಮ ಇದೆ. ಇಲ್ಲಿ ಮಳೆಹನಿ ಇರುವುದು ಸುಮಾರು 5 ಕಿಲೋಮೀಟರ್ ಎತ್ತರದವರೆಗೆ, ಅದರ ಮೇಲೆ ಮಂಜುಗಡ್ಡೆ. ನೆತ್ತಿಯ ಕಡೆ ನೋಡುವ ಟಿ.ವಿ. ಡಿಶ್ 5 ಕಿಲೋಮೀಟರ್ ಮಳೆಯನ್ನು ದಾಟಿದರೆ ಸಾಕು. ಓಡುವ ಉಪಗ್ರಹ 30 ಡಿಗ್ರಿ ಓರೆಯಲ್ಲಿ ಇದ್ದಾಗ 10 ಕಿಲೋಮೀಟರ್ ಮಳೆ ದಾಟಬೇಕು. ನೇರ ಮೇಲೆ ಬರುವ ಇನ್ನೊಂದು ಉಪಗ್ರಹಕ್ಕೆ ಜಿಗಿಯಬಹುದಲ್ಲ ಅನ್ನಬಹುದು. ಆದರೆ ಸ್ಟಾರ್‌ಲಿಂಕ್ ದಾರಿಗಳಲ್ಲಿ ಹೆಚ್ಚಿನವು 53 ಡಿಗ್ರಿ ಅಕ್ಷಾಂಶದ ಹತ್ತಿರ ಒತ್ತೊತ್ತಾಗಿ, ನಮ್ಮ 13 ಡಿಗ್ರಿಯಲ್ಲಿ ವಿರಳವಾಗಿ ಇರುತ್ತವೆ. ಮೇಲಾಗಿ ನಮ್ಮ ನೆತ್ತಿಯ ಹತ್ತಿರದ ಆಕಾಶ ಟಿ.ವಿ. ಉಪಗ್ರಹಗಳ ಸಾಲಿಗೆ ಸೇರಿದ್ದು. ಅವಕ್ಕೆ ತೊಂದರೆ ಆಗದ ಹಾಗೆ ಆ ಪಟ್ಟಿಯನ್ನು ತಪ್ಪಿಸಿಯೇ ಬಳಸಬೇಕೆಂಬ ನಿಯಮ ಇದೆ. ಮಳೆ ಜೋರಾದಾಗ ಉಪಕರಣ ತಾನಾಗಿಯೇ ವೇಗ ತಗ್ಗಿಸಿ ಸಂಪರ್ಕ ಉಳಿಸಿಕೊಳ್ಳಲು ನೋಡುತ್ತದೆ. ಪೂರ್ತಿ ಕಡಿಯುವುದು ದಿನಕ್ಕೆ ಕೆಲವು ನಿಮಿಷ ಇರಬಹುದು. ಯೂರೋಪಿನ ಹಳ್ಳಿಯವರ ಅನುಭವವನ್ನು ಕಾರ್ಕಳಕ್ಕೆ ಹಾಗೇ ಹಚ್ಚಿ ನೋಡಬಾರದು, ಅಷ್ಟೇ.

ಮಳೆಗಿಂತ ದೊಡ್ಡ ತೊಂದರೆ ತೆಂಗು, ಅಡಿಕೆ ಅಂದರೆ ಆಶ್ಚರ್ಯವಾದೀತು. ಟಿ.ವಿ.ಗೆ ಸೋಗೆಯ ನಡುವೆ ಒಂದು ತೂತು ಸಾಕಿತ್ತು. ಇದಕ್ಕೆ ನೆತ್ತಿಯ ಸುತ್ತ ಅಗಲವಾಗಿ ತೆರೆದ ಆಕಾಶ ಬೇಕು. ಒಂದು ತೆಂಗಿನ ಗರಿ ಅಡ್ಡ ಬಂದರೂ ಕೆಲವು ನಿಮಿಷಕ್ಕೊಮ್ಮೆ ವಿಡಿಯೋ ಕಾಲ್ ಕಡಿದುಹೋಗುತ್ತದೆ. ತೋಟದ ನಡುವಿನ ಹಂಚಿನ ಮನೆಗೆ ಅಂಥ ಜಾಗ ಹುಡುಕುವುದು ಸುಲಭ ಅಲ್ಲ. ಕಂಬ ಎತ್ತರ ಮಾಡಿದರೆ ಸಿಡಿಲಿನ ಭಯ. ಹಲಗೆಗೆ ಸುಮಾರು 50ರಿಂದ 75 ವಾಟ್ ಕರೆಂಟ್ ಬೇಕು. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಇನ್ವರ್ಟರ್ ಒಂದೇ ಗತಿ.

ಕಡಲಿನ ಮೇಲೆ ಕಥೆ ಬೇರೆ. ಅಲ್ಲಿ ಮರ ಇಲ್ಲ, ಗುಡ್ಡ ಇಲ್ಲ, ಆಕಾಶ ಪೂರ್ತಿ ತೆರೆದಿದೆ. ಮತ್ತು ಅಲ್ಲಿ ಮೊದಲು ಬೇಕಾದದ್ದು ಸಿನಿಮಾ ಅಲ್ಲ, ಒಂದೆರಡು ಸಾಲಿನ ಸಂದೇಶ. ಅದಕ್ಕೆ ಉದ್ದ ಅಲೆ ಸಾಕು, ಉದ್ದ ಅಲೆಗೆ ಮಳೆ ಲೆಕ್ಕಕ್ಕೇ ಇಲ್ಲ. 2015ರಲ್ಲಿ ಹಾರಿಸಿದ ನಮ್ಮ ಜಿಸ್ಯಾಟ್-6 ಉಪಗ್ರಹ ಬಳಸುವುದು ಇಂಥ ಅಲೆಯನ್ನೇ, ಅದರಲ್ಲಿ ಬಿಚ್ಚಿಕೊಳ್ಳುವ 6 ಮೀಟರ್ ಅಗಲದ ಆಂಟೆನಾ ಇದೆ. ಅದರ ಮೂಲಕ ದೇಶದ 1 ಲಕ್ಷ ಮೀನುಗಾರಿಕಾ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕುವ 364 ಕೋಟಿ ರೂಪಾಯಿಯ ಯೋಜನೆ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಯುತ್ತದೆ. ಚಂಡಮಾರುತದ ಎಚ್ಚರಿಕೆ ಬೋಟಿಗೆ ಬರುತ್ತದೆ. ಆಪತ್ತಾದರೆ ತಾಂಡೇಲ ಒಂದು ಗುಂಡಿ ಒತ್ತಿ ತಿಳಿಸಬಹುದು. ಇದಕ್ಕೂ ಮೊದಲು ಬಂದ ಕೆಲವು ಉಪಕರಣಗಳು ದಡದಿಂದ ಕೇಳಿಸಿಕೊಳ್ಳಲು ಮಾತ್ರ ಆಗುತ್ತಿದ್ದವು, ಇದರಲ್ಲಿ ಎರಡೂ ಕಡೆ ಸಾಧ್ಯ. ಹೊರಗಿನಿಂದ ಸ್ಯಾಟಲೈಟ್ ಫೋನು ತಂದು ಇಟ್ಟುಕೊಳ್ಳೋಣ ಅಂದರೆ ಅನುಮತಿ ಇಲ್ಲದೆ ಅದು ನಮ್ಮಲ್ಲಿ ಅಪರಾಧ. ಹಾಗಾಗಿ ಈ ಪೆಟ್ಟಿಗೆ ಪ್ರತಿ ಆಳಸಮುದ್ರದ ಬೋಟಿನಲ್ಲೂ ಇರಬೇಕು, ಬರೀ ಗೋಡೆಗೆ ತೂಗುಹಾಕಿರದೆ ಚಾಲೂ ಇರಬೇಕು. ವೇಗದ ಇಂಟರ್ನೆಟ್ ಆಮೇಲೆ ಬರಲಿ.

ಘಟ್ಟದ ಕಡೆಗೆ ನಾನು ಯೋಚಿಸುವುದು ಮನೆಗೊಂದು ಹಲಗೆ ಅಲ್ಲ. ಆ ಖರ್ಚನ್ನು ಒಂದು ಅಡಿಕೆ ಕೊಯ್ಯುವ ಕೂಲಿ ಕುಟುಂಬ ಹೊರಲಾರದು. ಊರಿಗೊಂದು ಹಲಗೆ ಸಾಕು, ಅದೂ ಶಾಲೆಯಲ್ಲಿ. ಕನ್ನಡ ಶಾಲೆಗಳಿಗೆ ಎಷ್ಟೇ ಕಷ್ಟ ಇದ್ದರೂ ಮುಂದೆ ಒಂದು ಮೈದಾನ ಇದ್ದೇ ಇರುತ್ತದೆ. ತೆಂಗಿನ ಗರಿ ಅಡ್ಡ ಬರದ ಆಕಾಶ ಊರಲ್ಲಿ ಎಲ್ಲಾದರೂ ಇದ್ದರೆ ಅಲ್ಲೇ. ಒಂದು ಹಲಗೆಯಿಂದ 100 ಮೆಗಾಬಿಟ್ ಬಂದರೆ, ಒಂದು ವಿಡಿಯೋ ಕ್ಲಾಸಿಗೆ 2 ಮೆಗಾಬಿಟ್ ಹಿಡಿದರೂ, ಮಳೆಯಲ್ಲಿ ವೇಗ ಅರ್ಧಕ್ಕಿಳಿದ ದಿನವೂ 20 ಮಕ್ಕಳು ಒಟ್ಟಿಗೆ ಕೂತು ಪಾಠ ಕೇಳಬಹುದು. ಸಂಜೆ ಅದೇ ವೈಫೈಯಲ್ಲಿ ಊರಿನವರು ಬ್ಯಾಂಕಿನ ಕೆಲಸ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಮುಗಿಸಿಕೊಳ್ಳಬಹುದು. ಜೊತೆಗೆ ಒಂದು ಒಳ್ಳೆಯ ಇನ್ವರ್ಟರ್, ಸಿಡಿಲು ಗುಡುಗುವಾಗ ಪ್ಲಗ್ ತೆಗೆಯುವ ಒಬ್ಬ ಜವಾಬ್ದಾರ ವ್ಯಕ್ತಿ, ವರ್ಷದ ಬಾಡಿಗೆಗೆ ಪಂಚಾಯತಿಯ ಬಜೆಟ್ಟಿನಲ್ಲಿ ಒಂದು ಸಾಲು. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ.